ಅರ್ಲ್ ಅಂದರೆ ಯಾರು?

1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಸೈನ್ಯ ಕಳಿಸಿದ ಗವರ್ನರ್ ಜನರಲ್ ವೆಲ್ಲೆಸ್ಲಿ ಅಂತ ಓದಿದ್ದೇವೆ. ಆಗ ಅವನ ಬಿರುದು ‘ಮಾರ್ನಿಂಗ್ಟನ್‌ನ ಅರ್ಲ್’. ಹಾಗಾದರೆ ಅರ್ಲ್ ಅಂದರೇನು?

ಮೊದಲು ಅದು ಬರೀ ಬಿರುದಲ್ಲ, ಕೆಲಸ. 1016ರಲ್ಲಿ ಇಂಗ್ಲೆಂಡ್ ಗೆದ್ದ ಡೆನ್ಮಾರ್ಕಿನ ರಾಜಕುಮಾರ ಕ್ನೂಟ್ ದೊಡ್ಡ ದೊಡ್ಡ ಪ್ರಾಂತ್ಯಗಳನ್ನು ಅರ್ಲ್‌ಗಳ ಕೈಗೆ ಕೊಟ್ಟ. ಸೈನ್ಯ ನಡೆಸುವುದು, ನ್ಯಾಯ ಹೇಳುವುದು ಅವರ ಹೊಣೆ. ದಂಡದ ಹಣದಲ್ಲಿ ಮೂರನೇ ಒಂದು ಪಾಲು ಅವರಿಗೆ. ವೆಸೆಕ್ಸ್‌ನ ಅರ್ಲ್ ಹೆರಾಲ್ಡ್ 1066ರಲ್ಲಿ ರಾಜನೇ ಆಗಿಬಿಟ್ಟ! ಅದೇ ವರ್ಷ ಅವನನ್ನು ಸೋಲಿಸಿದ ನಾರ್ಮಂಡಿಯ ವಿಲಿಯಂ ಅರ್ಲ್‌ಗಳ ಬಲ ತಗ್ಗಿಸಿದ. ಜಿಲ್ಲೆಯ ಆಡಳಿತ ‘ಷೆರಿಫ್’ ಎಂಬ ಅಧಿಕಾರಿಗೆ ಹೋಯಿತು. ಬರಬರುತ್ತಾ ಕೆಲಸ ಹೋಯ್ತು, ಬಿರುದು ಉಳೀತು. ತಂದೆಯಿಂದ ಮಗನಿಗೆ ಬರತೊಡಗಿತು.

ಐರ್ಲೆಂಡಿನಲ್ಲಿ ಇದೇ ಬಿರುದು ಕಟ್ಟಿಹಾಕುವ ಹಗ್ಗವಾಯಿತು. ಇಂಗ್ಲೆಂಡಿನ ದೊರೆಗಳು ಅಲ್ಲಿನ ನಾಯಕರಿಗೆ ಅರ್ಲ್ ಪದವಿ ಕೊಟ್ಟು ಅಧೀನ ಮಾಡಿಕೊಂಡರು. ಟೈರೋನ್‌ನ ಅರ್ಲ್ ಹ್ಯೂ ಓನೀಲ್ ತಿರುಗಿಬಿದ್ದು ಹೋರಾಡಿ 1603ರಲ್ಲಿ ಶರಣಾದ. 1607ರಲ್ಲಿ ಹಡಗು ಹತ್ತಿ ದೇಶ ಬಿಟ್ಟ. ಅವನ ಸೀಮೆಯನ್ನು ಸರ್ಕಾರ ಮುಟ್ಟುಗೋಲು ಹಾಕಿ ಇಂಗ್ಲೆಂಡ್, ಸ್ಕಾಟ್ಲೆಂಡಿನಿಂದ ಬಂದವರಿಗೆ ಹಂಚಿತು. ಅಲ್ಲಿನ ಅನೇಕ ರೈತರು ನೆಲ ಕಳೆದುಕೊಂಡರು.

ವೆಲ್ಲೆಸ್ಲಿಯ ಬಿರುದೂ ಐರ್ಲೆಂಡಿನದೇ. 1760ರಲ್ಲಿ ತಂದೆಗೆ ಸಿಕ್ಕಿದ್ದು 1781ರಲ್ಲಿ ಮಗನಿಗೆ ಬಂತು. ಟಿಪ್ಪು ಮಡಿದ ವರ್ಷವೇ ಅವನನ್ನು ಒಂದು ಮೆಟ್ಟಿಲು ಮೇಲೇರಿಸಿ ಮಾರ್ಕ್ವೆಸ್ ಮಾಡಿದರು.

ಹುಟ್ಟಿನ ಬಲದಿಂದ ಬ್ರಿಟನ್ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಕೂರುತ್ತಿದ್ದ ಹೆಚ್ಚಿನವರು 1999ರ ಕಾಯ್ದೆಯಿಂದ ಆ ಹಕ್ಕು ಕಳೆದುಕೊಂಡರು. ನಮ್ಮ ಸಂವಿಧಾನದ 18ನೇ ವಿಧಿಯಂತೂ 1950ರಲ್ಲೇ ಇಂಥ ಬಿರುದುಗಳನ್ನು ರದ್ದು ಮಾಡಿದೆ. ವಿದ್ಯೆಯ ಮತ್ತು ಸೈನ್ಯದ ಪದವಿಗಳಿಗೆ ಮಾತ್ರ ಅಡ್ಡಿಯಿಲ್ಲ. ಅವು ಅಪ್ಪನಿಂದ ಬರುವುದಿಲ್ಲ, ನಾವೇ ದುಡಿದು ಪಡೆಯಬೇಕು.