ಫ್ರೇಜಿಯರ್ ಇಲ್ಲದ ಅಲಿ: ಒಂದು ಲೆಕ್ಕ

ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಒಂದು ಖಾತೆ ಇದೆ. ಅದು ಯಾವ ಪರೀಕ್ಷೆಗೂ ಬರುವುದಿಲ್ಲ. ಖಾತೆಯ ಹೆಸರು ಮುಹಮ್ಮದ್ ಅಲಿ, ಬಾಕ್ಸರ್. ಇದನ್ನು ಬರೆಯಲು ಕಾರಣ ನಮ್ಮ ನಾನಾ, ಅಂದರೆ ಅಮ್ಮಿಯ ತಂದೆ. ಅಲಿ ಸೋತ ಒಂದೊಂದು ಪಂದ್ಯವೂ ಅವರಿಗೆ ಈಗಲೂ ಮನೆಯವರು ಯಾರೋ ಸೋತ ಹಾಗೆ. "ಆ ಫ್ರೇಜಿಯರ್, ಆ ನಾರ್ಟನ್, ಆ ಫೋರ್‌ಮನ್, ಈ ಮೂವರು ಹುಟ್ಟದೇ ಇದ್ದಿದ್ದರೆ ನಮ್ಮ ಅಲಿಯನ್ನು ಮುಟ್ಟುವವರು ಯಾರಿದ್ದರು?" ಎಂದು ಊಟವಾದ ಮೇಲೆ ಕೇಳುತ್ತಾರೆ. (ಫೋರ್‌ಮನ್ ಅಲಿಯನ್ನು ಸೋಲಿಸಿಯೇ ಇಲ್ಲ. ಆದರೆ ಆ ಪಂದ್ಯದ ಮುಂಚೆ ಪಟ್ಟ ಭಯಕ್ಕಾಗಿ ನಾನಾ ಅವರನ್ನೂ ಸೇರಿಸುತ್ತಾರೆ.) ಕೇಳಿ ಕೇಳಿ ಸಾಕಾಗಿ, ಒಂದು ಭಾನುವಾರ ಲೆಕ್ಕ ಹಾಕಿಯೇ ಬಿಡೋಣ ಎಂದು ಕೂತೆ.

ಲೆಕ್ಕಕ್ಕೆ ನಿಯಮ ಬೇಕು. "ಹಾಗಾಗಿದ್ದರೆ" ಎನ್ನುವ ಪ್ರಶ್ನೆಗೆ ನಿಯಮ ಇಲ್ಲದಿದ್ದರೆ ಅದು ಬರೀ ಹರಟೆ. ಆದ್ದರಿಂದ ಈ ಮೂವರನ್ನು ಮಾತ್ರ ತೆಗೆಯುತ್ತೇನೆ, ಉಳಿದದ್ದನ್ನು ಮುಟ್ಟುವುದಿಲ್ಲ. ಅಲಿ ಉಳಿದವರ ಜೊತೆ ಯಾವಾಗ ಸೆಣಸಿದರೋ ಆವಾಗಲೇ, ಫಲಿತಾಂಶವೂ ಅದೇ. ಇನ್ನೊಂದು ನಿಯಮ ನಮಗೆಲ್ಲ ಮೊದಲ ವಾರದಲ್ಲೇ ಕಲಿಸಿದ್ದು: ಪ್ರತಿ ವ್ಯವಹಾರಕ್ಕೂ ಎರಡು ಮುಖ. ಡೆಬಿಟ್ ಅಳಿಸಿದರೆ ಕ್ರೆಡಿಟ್ಟನ್ನೂ ಅಳಿಸಬೇಕು. ಫ್ರೇಜಿಯರ್ ಕೊಟ್ಟ ಸೋಲನ್ನು ಅಳಿಸಿ, ಫ್ರೇಜಿಯರ್ ಮೇಲಿನ ಗೆಲುವನ್ನು ಇಟ್ಟುಕೊಳ್ಳುವಂತಿಲ್ಲ. ಇದಕ್ಕೆ ಒಪ್ಪಲು ನಾನಾ ಸ್ವಲ್ಪ ಹೊತ್ತು ತೆಗೆದುಕೊಂಡರು.

ಗೊತ್ತಿಲ್ಲದ ಗೆಳೆಯರಿಗಾಗಿ ಸ್ವಲ್ಪ ಹಿನ್ನೆಲೆ. ಅಲಿ ಹುಟ್ಟಿದ್ದು 1942ರಲ್ಲಿ, ಅಮೆರಿಕದ ಲೂಯಿವಿಲ್‌ನಲ್ಲಿ. 1964ರ ಫೆಬ್ರವರಿಯಲ್ಲಿ, 22ನೇ ವಯಸ್ಸಿಗೆ, ಸನ್ನಿ ಲಿಸ್ಟನ್ ಅವರನ್ನು ಸೋಲಿಸಿ ವಿಶ್ವ ಹೆವಿವೇಟ್ ಪಟ್ಟ ಗೆದ್ದರು. ಕ್ಯಾಸಿಯಸ್ ಕ್ಲೇ ಎಂಬ ಹೆಸರು ಮುಹಮ್ಮದ್ ಅಲಿ ಆದದ್ದು ಅದರ ಬೆನ್ನಿಗೇ. ಮುಂದಿನ ಮೂರು ವರ್ಷಗಳಲ್ಲಿ ಆ ಪಟ್ಟವನ್ನು 9 ಸಲ ಉಳಿಸಿಕೊಂಡರು. 1967ರ ಏಪ್ರಿಲ್‌ನಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೇನೆಗೆ ಸೇರಲು ನಿರಾಕರಿಸಿದಾಗ ಪಟ್ಟವೂ ಹೋಯಿತು, ಲೈಸೆನ್ಸೂ ಹೋಯಿತು. 5 ವರ್ಷ ಜೈಲು ಶಿಕ್ಷೆಯ ತೀರ್ಪು ಬಂತು. ಮೇಲ್ಮನವಿ ಇದ್ದುದರಿಂದ ಜೈಲಿಗೆ ಹೋಗಲಿಲ್ಲ, 1971ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಆದರೆ ಮೂರೂವರೆ ವರ್ಷ ರಿಂಗ್‌ನಿಂದ ಹೊರಗೆ. ಇದು ಎದುರಾಳಿಗಳು ಮಾಡಿದ್ದಲ್ಲ, ಆದ್ದರಿಂದ ನನ್ನ ಲೆಕ್ಕದಲ್ಲಿ ಹಾಗೆಯೇ ಉಳಿಯುತ್ತದೆ. ಆ ಖಾಲಿ ವರ್ಷಗಳಲ್ಲಿ ಸಿಂಹಾಸನ ಏರಿದವರೇ ಜೋ ಫ್ರೇಜಿಯರ್.

ಈಗ ಮೂವರನ್ನು ತೆಗೆಯೋಣ.

ಅಲಿಯ ನಿಜವಾದ ದಾಖಲೆ 61 ಪಂದ್ಯ, 56 ಗೆಲುವು, 5 ಸೋಲು. ಫ್ರೇಜಿಯರ್ ಜೊತೆ 3 ಪಂದ್ಯ, ನಾರ್ಟನ್ ಜೊತೆ 3, ಫೋರ್‌ಮನ್ ಜೊತೆ 1. ಒಟ್ಟು 7 ಪಂದ್ಯಗಳಲ್ಲಿ 5 ಗೆಲುವು, 2 ಸೋಲು. ಕಳೆದರೆ ಉಳಿಯುವುದು 51 ಗೆಲುವು, 3 ಸೋಲು. ಆ ಮೂರು ಸೋಲುಗಳು ಯಾವುವು ನೋಡಿ: 1978ರಲ್ಲಿ ಲಿಯಾನ್ ಸ್ಪಿಂಕ್ಸ್, 1980ರಲ್ಲಿ ಲ್ಯಾರಿ ಹೋಮ್ಸ್, 1981ರಲ್ಲಿ ಟ್ರೆವರ್ ಬರ್ಬಿಕ್. ಮೂರೂ ಅಲಿಗೆ 36 ವಯಸ್ಸು ದಾಟಿದ ಮೇಲೆ. ಅಂದರೆ ಸ್ಪಿಂಕ್ಸ್ ಎದುರಿಗೆ ಬರುವ ಹೊತ್ತಿಗೆ ನಮ್ಮ ಕಾಲ್ಪನಿಕ ಅಲಿಯ ದಾಖಲೆ 50 ಗೆಲುವು, ಸೊನ್ನೆ ಸೋಲು. ಸೋಲೇ ಇಲ್ಲದೆ ನಿವೃತ್ತರಾದ ರಾಕಿ ಮಾರ್ಸಿಯಾನೊ ಅವರ 49ಕ್ಕಿಂತ ಒಂದು ಹೆಚ್ಚು! ಇಲ್ಲಿಗೆ ಬಂದಾಗ ನಾನೇ ಎರಡು ಸಲ ಕೂಡಿ ನೋಡಿದೆ.

ಪಟ್ಟದ ಲೆಕ್ಕ ಇನ್ನೂ ವಿಚಿತ್ರ. ಫ್ರೇಜಿಯರ್ ಇಲ್ಲದಿದ್ದರೆ 1970ರ ಸುಮಾರಿಗೆ ಪಟ್ಟ ಇರುತ್ತಿದ್ದದ್ದು ಹೆಚ್ಚಾಗಿ ಜಿಮ್ಮಿ ಎಲ್ಲಿಸ್ ಅಥವಾ ಬಸ್ಟರ್ ಮ್ಯಾಥಿಸ್ ಬಳಿ, ಯಾಕೆಂದರೆ ಫ್ರೇಜಿಯರ್ ಪಟ್ಟಕ್ಕಾಗಿ ಸೋಲಿಸಿದ್ದು ಅವರಿಬ್ಬರನ್ನೇ. ಅಲಿ ಆ ಇಬ್ಬರನ್ನೂ 1971ರಲ್ಲೇ ಸೋಲಿಸಿದರು. ಹಾಗಾದರೆ 1974ರವರೆಗೆ ಕಾಯಬೇಕಾಗಿಲ್ಲ, 1971ರಲ್ಲೇ ಪಟ್ಟ ಮರಳಿ ಬರುತ್ತದೆ. ಎಲ್ಲಿಸ್ ನಂತರ ಸ್ಪಿಂಕ್ಸ್ ತನಕ, ಮೂವರನ್ನು ಬಿಟ್ಟು, ಅಲಿ ಗೆದ್ದ ಪಂದ್ಯಗಳು 18. ಮೊದಲಿನ 9 ಸೇರಿಸಿದರೆ 27 ಸಲ ಪಟ್ಟ ಉಳಿಸಿಕೊಂಡಂತಾಯಿತು. ನಿಜದಲ್ಲಿ ಅಲಿ ಉಳಿಸಿಕೊಂಡದ್ದು 19 ಸಲ. ಜೋ ಲೂಯಿಸ್ ಅವರ ಪ್ರಸಿದ್ಧ ದಾಖಲೆ 25 (ಅದು ಒಂದೇ ಆಳ್ವಿಕೆಯಲ್ಲಿ, ಈ ವ್ಯತ್ಯಾಸ ನೆನಪಿರಲಿ).

ನಾನಾ ಖುಷಿಯಾದರು. "ನೋಡಿದೆಯಾ?" ಎಂದರು. ಕಾಗದದ ಮೇಲೆ ಅವರು ಗೆದ್ದಿದ್ದರು. ಆದರೆ ನನಗೆ ಬ್ಯಾಲೆನ್ಸ್ ಶೀಟ್ ಸರಿ ಬರಲಿಲ್ಲ. ನಮ್ಮ ಪಾಠದಲ್ಲಿ ಗುಡ್‌ವಿಲ್ ಎಂಬ ಆಸ್ತಿ ಬರುತ್ತದಲ್ಲ, ಕಣ್ಣಿಗೆ ಕಾಣದ್ದು, ಆದರೆ ವ್ಯಾಪಾರ ಮಾರುವಾಗ ಬೆಲೆ ಕಟ್ಟುವಂಥದ್ದು? ಅಲಿಯ ಗುಡ್‌ವಿಲ್ ಎಲ್ಲಿಂದ ಬಂತು ಎಂದು ಹುಡುಕಿದರೆ ನಾನು ಅಳಿಸಿದ ಏಳು ಸಾಲುಗಳಲ್ಲೇ ಅದರ ಬಹುಪಾಲು ಇತ್ತು.

1971ರ ಮಾರ್ಚ್ 8, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಅಲಿ 31 ಪಂದ್ಯ ಆಡಿ ಒಂದೂ ಸೋತಿಲ್ಲ, ಫ್ರೇಜಿಯರ್ 26 ಆಡಿ ಒಂದೂ ಸೋತಿಲ್ಲ. ಇಬ್ಬರಿಗೂ ತಲಾ 25 ಲಕ್ಷ ಡಾಲರ್. ಇದನ್ನು ನಾವು ಕಾಮರ್ಸ್‌ನವರು ಗಮನಿಸಬೇಕು. ಒಬ್ಬನೇ ಮಾರಾಟಗಾರ ಇದ್ದರೆ ಬೆಲೆ ಏರುತ್ತದೆ ಎಂದು ಓದಿದ್ದೇವೆ, ಬಾಕ್ಸಿಂಗ್‌ನಲ್ಲಿ ಅದು ತಿರುಗಮುರುಗ. ಸರಿಸಮನಾದ ಇನ್ನೊಬ್ಬ ಇಲ್ಲದಿದ್ದರೆ ಮಾರಲು ಸರಕೇ ಇಲ್ಲ. ಆ ರಾತ್ರಿ 15ನೇ ಸುತ್ತಿನಲ್ಲಿ ಫ್ರೇಜಿಯರ್ ಎಡಗೈ ಹುಕ್ ಬಿದ್ದು ಅಲಿ ಬೆನ್ನ ಮೇಲೆ ಉರುಳಿದರು. ಉರುಳಿದವರು ಕೂಡಲೇ ಎದ್ದರು, ಸುತ್ತು ಮುಗಿಸಿದರು, ಪಂದ್ಯ ಸೋತರು. ವಿಡಿಯೋದಲ್ಲಿ ನಾನು ಹೆಚ್ಚು ಸಲ ನೋಡಿದ್ದು ಆ ಎದ್ದೇಳುವುದನ್ನು. ನನ್ನ 50-ಸೊನ್ನೆಯ ಅಲಿ ಅಲ್ಲಿ ಬೀಳುವುದೇ ಇಲ್ಲ. ಹಾಗಾಗಿ ಏಳುವುದೂ ಇಲ್ಲ.

1973ರ ಮಾರ್ಚ್‌ನಲ್ಲಿ ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದರು. ಆರು ತಿಂಗಳಲ್ಲಿ ಅಲಿ ತೀರಿಸಿಕೊಂಡರು, ಅದೂ ಕೂದಲೆಳೆಯ ಅಂತರದಲ್ಲಿ. 1974ರ ಅಕ್ಟೋಬರ್ 30ರಂದು ಆಫ್ರಿಕಾದ ಜೈರೆ ದೇಶದ ಕಿನ್ಶಾಸಾದಲ್ಲಿ ಫೋರ್‌ಮನ್ ಎದುರು. ಫೋರ್‌ಮನ್ 40 ಪಂದ್ಯ ಆಡಿ 40 ಗೆದ್ದಿದ್ದರು, 37 ನಾಕೌಟ್. ಅಲಿಯನ್ನು ಸೋಲಿಸಿದ್ದ ಫ್ರೇಜಿಯರ್, ನಾರ್ಟನ್ ಇಬ್ಬರನ್ನೂ ಎರಡೆರಡೇ ಸುತ್ತಿನಲ್ಲಿ ಮುಗಿಸಿದ್ದವರು ಅವರು. 32 ವಯಸ್ಸಿನ ಅಲಿ ಹಗ್ಗಕ್ಕೆ ಒರಗಿ, ಮುಖ ಮುಚ್ಚಿಕೊಂಡು, ಗುದ್ದು ತಿನ್ನುತ್ತಾ ನಿಂತರು. ಫೋರ್‌ಮನ್ ದಣಿದರು. 8ನೇ ಸುತ್ತಿನಲ್ಲಿ ಬಿದ್ದರು. ನಾನಾ ಪಟ್ಟ ಭಯ ಇದೇ ಪಂದ್ಯದ್ದು. ಭಯವೇ ಇಲ್ಲದ 27 ಗೆಲುವುಗಳಲ್ಲಿ ಯಾವುದನ್ನು ಅವರು ಮೊಮ್ಮಕ್ಕಳಿಗೆ ಹೇಳುತ್ತಿದ್ದರು? ಕೇಳಿದೆ. ಉತ್ತರ ಬರಲಿಲ್ಲ.

ಇದು ಬರೀ ಊಹೆಯಲ್ಲ, ಪ್ರಬಲ ಎದುರಾಳಿ ಸಿಗದ ಆಳ್ವಿಕೆಗೆ ನಿಜವಾದ ಉದಾಹರಣೆಯೂ ಇದೆ. ಲ್ಯಾರಿ ಹೋಮ್ಸ್ 1978ರಲ್ಲಿ ನಾರ್ಟನ್ ಅವರನ್ನು ಸೋಲಿಸಿ ಚಾಂಪಿಯನ್ ಆದವರು. 20 ಸಲ ಪಟ್ಟ ಉಳಿಸಿಕೊಂಡರು, 48 ಪಂದ್ಯ ಸೋಲಿಲ್ಲದೆ ಗೆದ್ದರು, 1985ರಲ್ಲಿ ಮಾರ್ಸಿಯಾನೊಗೆ ಸರಿಗಟ್ಟಲು ಒಂದೇ ಪಂದ್ಯ ಬಾಕಿ ಇರುವಾಗ ಸೋತರು. ಬಾಕ್ಸಿಂಗ್ ಬಲ್ಲವರು ಅವರನ್ನು ಬಹಳ ಗೌರವಿಸುತ್ತಾರೆ. ಆದರೆ ನಮ್ಮ ತರಗತಿಯಲ್ಲಿ ಹೆಸರು ಕೇಳಿದ್ದೀರಾ ಎಂದೆ, ಒಬ್ಬರೂ ಕೈ ಎತ್ತಲಿಲ್ಲ. ಅಲಿಯ ಹೆಸರಿಗೆ ಹಿಂದಿನ ಬೆಂಚಿನವರೂ ಎತ್ತಿದರು.

ಇಲ್ಲಿಗೆ ಮುಗಿಸಬಹುದಿತ್ತು. ಅಮ್ಮಿ ಮುಗಿಸಲು ಬಿಡಲಿಲ್ಲ. ಅವರಿಗೆ ಬಾಕ್ಸಿಂಗ್ ಇಷ್ಟವಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅಲಿ ಜ್ಯೋತಿ ಹೊತ್ತಿಸುವ ವಿಡಿಯೋ ತೋರಿಸಿದಾಗ ಅವರು ನೋಡಿದ್ದು ನಡುಗುವ ಎಡಗೈಯನ್ನು. "ಆ ಮೂವರು ಇಲ್ಲದಿದ್ದರೆ ಈ ಕೈ ನಡುಗುತ್ತಿರಲಿಲ್ಲವೇನೋ. ಅದನ್ನು ಯಾವ ಕಾಲಮ್ಮಿನಲ್ಲಿ ಬರೆದೆ?" ಎಂದರು. ಬರೆದಿರಲಿಲ್ಲ. 1975ರ ಮನಿಲಾ ಪಂದ್ಯದಲ್ಲಿ 14 ಸುತ್ತು ಫ್ರೇಜಿಯರ್ ಮತ್ತು ಅಲಿ ಒಬ್ಬರನ್ನೊಬ್ಬರು ಜಜ್ಜಿದರು. ಫ್ರೇಜಿಯರ್ ಕಣ್ಣು ಊದಿ ಎದುರಿನ ಗುದ್ದು ಕಾಣದಂತಾದಾಗ ಅವರ ತರಬೇತುದಾರ ಎಡ್ಡಿ ಫಚ್ 15ನೇ ಸುತ್ತಿಗೆ ಕಳುಹಿಸದೆ ಪಂದ್ಯ ನಿಲ್ಲಿಸಿದರು. ಸಾವಿನ ಹತ್ತಿರ ಹೋಗಿಬಂದ ಹಾಗಿತ್ತು ಎಂದು ಗೆದ್ದ ಅಲಿಯೇ ಹೇಳಿದರು. 1984ರಲ್ಲಿ ಅವರಿಗೆ ಪಾರ್ಕಿನ್ಸನ್ ಇದೆ ಎಂದು ವೈದ್ಯರು ಹೇಳಿದರು. ಯಾವ ಗುದ್ದಿಗೆ ಎಷ್ಟು ಪಾಲು ಎಂದು ಹಂಚಲು ಬರುವುದಿಲ್ಲ. ಅರ್ನಿ ಶೇವರ್ಸ್, ಹೋಮ್ಸ್ ಕೊಟ್ಟ ಏಟುಗಳು ನನ್ನ ಲೆಕ್ಕದಲ್ಲಿ ಹಾಗೇ ಉಳಿದಿವೆ. ಆದರೂ ಅಮ್ಮಿ ಕೇಳಿದ್ದು ನ್ಯಾಯ. ನಾನಾ ಕೈಯೂ ಎರಡು ವರ್ಷದಿಂದ ನಡುಗುತ್ತದೆ. ಚಹಾ ಲೋಟವನ್ನು ಅರ್ಧ ಮಾತ್ರ ತುಂಬಿ ಕೊಡುತ್ತೇವೆ. ಅವರಂತೂ ಯಾರ ಜೊತೆಗೂ ಗುದ್ದಾಡಿದವರಲ್ಲ.

ಇನ್ನೊಂದು ಬಾಕಿಯೂ ಇತ್ತು. ಅಲಿಗೆ ಲೈಸೆನ್ಸ್ ಮರಳಿ ಸಿಗಲಿ ಎಂದು ಮಾತಾಡಿದವರಲ್ಲಿ ಫ್ರೇಜಿಯರ್ ಒಬ್ಬರು. ಅಂಥವರನ್ನು ಅಲಿ ಪತ್ರಕರ್ತರ ಮುಂದೆ ಗೊರಿಲ್ಲಾ ಎಂದು ಹಂಗಿಸಿದರು. ನನಗೆ ಅಲಿ ಇಷ್ಟ, ಇದು ಇಷ್ಟವಿಲ್ಲ. ಮುಂದೆ ಅವರು ಕ್ಷಮೆ ಕೇಳಿದರು, 2011ರಲ್ಲಿ ಫ್ರೇಜಿಯರ್ ತೀರಿಕೊಂಡಾಗ ಅಂತ್ಯಕ್ರಿಯೆಗೂ ಹೋದರು. ಅದಕ್ಕೇ ಮುಂದಿನ ಪುಟದಲ್ಲಿ ಫ್ರೇಜಿಯರ್ ಹೆಸರಿನಲ್ಲೂ ಒಂದು ಖಾತೆ ತೆರೆದೆ. ಅವರ ದಾಖಲೆ 32 ಗೆಲುವು, 4 ಸೋಲು, 1 ಡ್ರಾ. ನಾಲ್ಕು ಸೋಲೂ ಇಬ್ಬರಿಂದಲೇ: ಅಲಿಯಿಂದ ಎರಡು, ಫೋರ್‌ಮನ್‌ನಿಂದ ಎರಡು. ಅದೇ ನಿಯಮದ ಪ್ರಕಾರ ಆ ಇಬ್ಬರನ್ನು ತೆಗೆದರೆ 31 ಗೆಲುವು, 1 ಡ್ರಾ, ಸೋಲು ಇಲ್ಲ.

ನೋಟ್‌ಬುಕ್ ನಾನಾ ಕೈಗೆ ಕೊಟ್ಟೆ. ಅಲಿಯ ಪುಟವನ್ನು ಅವರು ಬೇಗ ತಿರುಗಿಸಿದರು. ಫ್ರೇಜಿಯರ್ ಪುಟದ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಕೂತರು. ಆಮೇಲೆ, "ಇವನ ಮನೆಯಲ್ಲೂ ಯಾರೋ ಒಬ್ಬ ಮುದುಕ ಹೀಗೇ ಕೂತು ನಮ್ಮ ಅಲಿಯನ್ನು ಬೈಯುತ್ತಿರುತ್ತಾನೆ" ಎಂದು ಹೇಳಿ ಪುಸ್ತಕ ಮುಚ್ಚಿದರು.