ಅಪ್ರತಿಮವೀರನೂ ಧೈರ್ಯವಾಚಕ ಶಬ್ದಗಳೂ
ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದ, 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರಿಗೆ ‘ಅಪ್ರತಿಮವೀರ’ನೆಂಬ ಬಿರುದಿದ್ದಿತೆಂಬುದನ್ನೂ, ಆ ಬಿರುದನ್ನೇ ಶೀರ್ಷಿಕೆಯಲ್ಲಿ ಧರಿಸಿದ ಅಲಂಕಾರಗ್ರಂಥ ‘ಅಪ್ರತಿಮವೀರಚರಿತೆ’ಯು ಅವರ ಮಂತ್ರಿ ತಿರುಮಲಾರ್ಯನ ಕೃತಿಯೆಂಬುದನ್ನೂ ಚಾಮರಾಜನಗರ ಸೀಮೆಯ ಪರೀಕ್ಷಾರ್ಥಿಗಳು ಮೊದಲು ನೆನಪಿಡತಕ್ಕದ್ದು. ಆ ಬಿರುದಿನಲ್ಲಿರುವ ಸಂಸ್ಕೃತದ ‘ವೀರ’ವು ಲ್ಯಾಟಿನ್ನಿನ ಪುರುಷವಾಚಕ ‘ವಿರ್’ ಶಬ್ದದ ಸಹೋದರ. ಆಂಗ್ಲರ ‘ವರ್ಚ್ಯೂ’ ಜನಿಸಿದುದು ಆ ‘ವಿರ್’ನಿಂದಲೇ. ‘ಕರೇಜ್’ ಎಂಬುದು ಹೃದಯಾರ್ಥಕವಾದ ಲ್ಯಾಟಿನ್ ‘ಕೋರ್’ ಶಬ್ದದಿಂದ ಫ್ರೆಂಚಿನ ಮಾರ್ಗವಾಗಿ ಬಂದುದು; ನಮ್ಮ ‘ಕೆಚ್ಚೆದೆ’ಯೂ ಎದೆಯನ್ನೇ ಆಶ್ರಯಿಸಿದೆ. ‘ವ್ಯಾಲರ್’ನ ಮೂಲ ಬಲಾರ್ಥಕವಾದ ಲ್ಯಾಟಿನ್ ‘ವಲೇರೆ’. ‘ಬೋಲ್ಡ್’ ಅಚ್ಚ ಜರ್ಮಾನಿಕ್ ಪದ. ಪ್ರಶ್ನಪತ್ರಿಕೆ ರಚಿಸುವವರಿಗೆ ಅತ್ಯಂತ ಪ್ರಿಯವಾಗಬೇಕಾದುದು, ನನ್ನೆಣಿಕೆಯಲ್ಲಿ, ‘ಸಾಹಸ’ವೇ: ಇಂದು ಪ್ರಶಂಸೆಗೆ ಸಲ್ಲುವ ಈ ಶಬ್ದವು ಮನುಸ್ಮೃತಿಯ 18 ವ್ಯವಹಾರಪದಗಳಲ್ಲಿ, ಎಂದರೆ ವ್ಯಾಜ್ಯವಿಷಯಗಳಲ್ಲಿ, ಬಲಾತ್ಕಾರರೂಪದ ಅಪರಾಧವೊಂದರ ಹೆಸರಾಗಿದ್ದಿತು.