ದಂಡಿನಲ್ಲಿ ದೇವಾರಾಧನೆಯೂ ಸಂಗೀತ ಪುಸ್ತಕವೂ

ಯೆಹೂದದ ಅರಸನಾದ ಯೆಹೋಷಾಫಾಟನು ಯುದ್ಧಕ್ಕೆ ಹೊರಟಾಗ ಆಯುಧಧಾರಿಗಳ ಮುಂದೆ ಹಾಡುವವರನ್ನು ನಿಲ್ಲಿಸಿದನೆಂದು ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕದ 20ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆ ಹಾಡುಗಾರರ ಕೈಯಲ್ಲಿ ಪುಸ್ತಕವಿದ್ದಿತೆಂದು ಅಲ್ಲಿ ಬರೆದಿಲ್ಲ. ಹಾಡು ಅವರ ಬಾಯಲ್ಲಿದ್ದಿತು. ಮನೆಯನ್ನೂ ಸಭೆಯನ್ನೂ ಬಿಟ್ಟು ದೂರ ಹೋಗುವ ಸೈನಿಕನಿಗೆ ದೇವಾರಾಧನೆಯಲ್ಲಿ ಆಧಾರವಾವುದು, ಪುಸ್ತಕವೋ ಕಂಠಪಾಠವೋ ಎಂಬ ಪ್ರಶ್ನೆಯನ್ನು ಈ ಪಾಠದಲ್ಲಿ ವಿಚಾರಿಸೋಣ. ಇದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ದೂರ ಹೋಗಬೇಕಾದದ್ದಿಲ್ಲ. ನಮ್ಮ ಸೀಮೆಯಲ್ಲಿಯೇ ಅದು ಉಂಟು.

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಕಂಪೆನಿಯವರ ವಶವಾದಾಗ ಅವರ ದಂಡಿನಲ್ಲಿ ಇಂಗ್ಲಿಷರಲ್ಲದೆ ಡಿ ಮ್ಯೂರನ್ ಎಂಬ ಸ್ವಿಸ್ ಪಟಾಲಮೂ ಇದ್ದಿತು. ನ್ಯೂಷಾಟೆಲ್ ಊರಿನ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರನನು 1781ರಲ್ಲಿ ಇದನ್ನು ಡಚ್ಚರ ಕಂಪೆನಿಗಾಗಿ ಕಟ್ಟಿದನು; 1795ರಲ್ಲಿ ಇದು ಇಂಗ್ಲಿಷರ ಸೇವೆಗೆ ಬಂದಿತು. ಆ ಕಾಲದ ಇಂಗ್ಲೆಂಡಿನ ಸಭೆಯಲ್ಲಿ ಈಗಿನಂತೆ ಸಂಗೀತ ಪುಸ್ತಕಗಳು ಬಳಕೆಯಲ್ಲಿರಲಿಲ್ಲ. ದಾವೀದನ ಕೀರ್ತನೆಗಳನ್ನು ಪದ್ಯಕ್ಕೆ ತಿರುಗಿಸಿ ಹಾಡುವುದೇ ವಾಡಿಕೆ. ಟೇಟ್ ಮತ್ತು ಬ್ರೇಡಿ ಎಂಬವರ 1696ರ ಪದ್ಯಾನುವಾದವು ಇದಕ್ಕೆ ಹೆಸರಾದದ್ದು. ಸ್ವಿಟ್ಸರ್ಲೆಂಡಿನ ಫ್ರೆಂಚ್ ಭಾಷೆಯ ಸುಧಾರಿತ ಸಭೆಗಳಿಗಾದರೋ 1562ರಲ್ಲಿ ಜಿನೀವದಲ್ಲಿ ಪೂರ್ಣಗೊಂಡ ಕೀರ್ತನೆಗಳ ಪುಸ್ತಕವಿದ್ದಿತು. ಹೀಗೆ ಬೇರೆ ಬೇರೆ ದೇಶಗಳ ಆರಾಧನಾ ಕ್ರಮಗಳಲ್ಲಿ ಬೆಳೆದವರು ಒಂದೇ ಕಾವೇರಿಯ ದಡದಲ್ಲಿ ಕೂಡಿದರು.

ಆದರೆ ದ್ವೀಪದ ಜ್ವರವು ದಂಡನ್ನು ಬಹಳವಾಗಿ ಪೀಡಿಸಿತು. 1809ರಲ್ಲಿ ದಂಡು ಬೆಂಗಳೂರಿಗೆ ಸಾಗಿತು. ಅಲ್ಲಿ ಸೈನ್ಯದವರ ಆರಾಧನೆಗಾಗಿ ಕಟ್ಟಿದ ಸಂತ ಮಾರ್ಕನ ದೇವಾಲಯವು 1812ರಲ್ಲಿ ಪೂರ್ಣಗೊಂಡಿತು. ಶ್ರೀರಂಗಪಟ್ಟಣದಲ್ಲಿ ಉಳಿದದ್ದು ನದೀತೀರದ ದಂಡಿನ ಸ್ಮಶಾನ. ಅಲ್ಲಿರುವ ಸುಮಾರು ಮುನ್ನೂರು ಸಮಾಧಿಗಳಲ್ಲಿ ಡಿ ಮ್ಯೂರನ್ ಪಟಾಲಮಿನವರದೂ, ದಂಡಿನವರ ಹೆಂಡಿರು ಮಕ್ಕಳದೂ ಇವೆ. ಹತ್ತಿರದ ಪಾಂಡವಪುರದ ಸಂಗತಿಯೂ ಹಾಗೆಯೇ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಅಲ್ಲಿ ಬೀಡುಬಿಟ್ಟಿದ್ದರಿಂದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದಿತು. ಬಹುಕಾಲದ ಮೇಲೆ ಆ ಹೆಸರೂ ಹೋಯಿತು. ಬಂಡೆಗಳು ಇವೆ, ಸಮಾಧಿಗಳು ಇವೆ. ಆ ಪಟಾಲಮುಗಳ ಹಾಡು ಮಾತ್ರ ಇಲ್ಲ. ಅದು ಈ ನಾಡಿನವರ ನಾಲಿಗೆಗೆ ಇಳಿಯಲಿಲ್ಲವಾದ್ದರಿಂದ ದಂಡಿನ ಸಂಗಡಲೇ ಬಂದು ದಂಡಿನ ಸಂಗಡಲೇ ಹೊರಟುಹೋಯಿತು.

ಇದಕ್ಕೆ ಪ್ರತಿಯಾಗಿ ಮತ್ತೊಂದು ಮಾದರಿಯನ್ನು ನೋಡಿರಿ. ಕೋಟೆ ಬಿದ್ದ ಬಳಿಕ ಫ್ರೆಂಚ್ ಪಾದ್ರಿಗಳಾದ ಅಬ್ಬೆ ದುಬಾಯ್‌ರವರು, ಟಿಪ್ಪುವಿನ ಕಾಲದಲ್ಲಿ ಚದರಿಹೋಗಿದ್ದ ಕ್ರೈಸ್ತರನ್ನು ಕೂಡಿಸುವದಕ್ಕೆ ಇಲ್ಲಿಗೆ ಬಂದರು. ಅವರು ದಂಡಿನ ಡೇರೆಯಲ್ಲಿ ನಿಲ್ಲದೆ ಜನರ ಉಡುಪನ್ನುಟ್ಟು, ಜನರ ಆಹಾರವನ್ನುಂಡು, ಬಡವರಿಗೆ ಬೇಸಾಯದ ನೆಲೆಗಳನ್ನು ಏರ್ಪಡಿಸಿ, ಸಿಡುಬಿನ ಸೂಜಿಮದ್ದನ್ನು ಹಾಕಿಸಿದರು. ಗಂಜಾಮಿನಲ್ಲಿ ಅವರ ಹೆಸರನ್ನು ಹೇಳುವ ದೇವಾಲಯವು ಇಂದಿಗೂ ನಿಂತಿದೆ. ಆ ಮೇಲೆ ಬಾಸೆಲ್ ಮಿಶನ್ನಿನ ಕಿಟ್ಟೆಲ್‌ರವರು 1862ರ ತಮ್ಮ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿಯೇ ರಚಿಸಿದರು. ಜನರ ಮಾತಿನಲ್ಲಿ ಬಿತ್ತಿದ್ದು ಬೇರೂರಿತು.

ಇನ್ನು ದಂಡಿನ ಆರಾಧನೆಯ ರೀತಿಯನ್ನು ನೋಡೋಣ. 1857ರ ಮೇ 10 ಭಾನುವಾರ ಮೀರತ್ತಿನಲ್ಲಿ ಬಂಡಾಯವೆದ್ದ ತರುವಾಯ ಇಂಗ್ಲಿಷ್ ಸೋಜರರು ದೇವಾಲಯಕ್ಕೂ ಬಂದೂಕು ಹಿಡಿದೇ ಹೋಗತೊಡಗಿದರು. ಅದನ್ನು ಒರಗಿಸಿಡಲು ಪೀಠಗಳಲ್ಲಿ ಕೊರೆದ ಕಚ್ಚುಗಳನ್ನು ಉತ್ತರದೇಶದ ಕೆಲವು ದೇವಾಲಯಗಳಲ್ಲಿ ಕಾಣಬಹುದು. 1861ರಲ್ಲಿ ಇಂಗ್ಲೆಂಡಿನಲ್ಲಿ ‘ಹಿಮ್ಸ್ ಏನ್ಷಿಯಂಟ್ ಅಂಡ್ ಮಾಡರ್ನ್’ ಎಂಬ ಪ್ರಸಿದ್ಧ ಪುಸ್ತಕವು ಹೊರಟಿತು. ಹೆನ್ರಿ ಫ್ರಾನ್ಸಿಸ್ ಲೈಟ್ ಎಂಬ ಬೋಧಕರ ‘ಅಬೈಡ್ ವಿತ್ ಮಿ’ ಎಂಬ ಸಂಜೆಯ ಸಂಗೀತಕ್ಕೆ ವಿಲಿಯಂ ಹೆನ್ರಿ ಮಂಕ್ ಕೊಟ್ಟ ರಾಗವು ಅದರಲ್ಲಿಯೇ ಮೊದಲು ಅಚ್ಚಾಯಿತು. ಗಾಂಧೀಜಿಯವರಿಗೆ ಪ್ರಿಯವಾಗಿದ್ದ ಈ ಸಂಗೀತವನ್ನು ಸ್ವತಂತ್ರ ಭಾರತದ ಸೇನಾವಾದ್ಯದವರು ಜನವರಿ 29ರ ಸಂಜೆ ದೆಹಲಿಯಲ್ಲಿ ಅನೇಕ ವರ್ಷ ನುಡಿಸಿದರು. 2022ರಲ್ಲಿ ಅದನ್ನು ಬಿಟ್ಟು ‘ಏ ಮೇರೆ ವತನ್ ಕೆ ಲೋಗೋ’ ಎಂಬುದನ್ನು ಸೇರಿಸಿದರು. ಇದರಿಂದ ಕೆಲವರಿಗೆ ವ್ಯಥೆಯಾಯಿತು. ಆದರೆ ಮೆರವಣಿಗೆಯ ಪಟ್ಟಿಯಿಂದ ತೆಗೆದುಹಾಕಿದ ಸಂಗೀತವನ್ನು ಬಾಯಿಪಾಠ ಮಾಡಿಕೊಂಡವರ ಎದೆಯಿಂದ ತೆಗೆಯುವವರಾರು?

ಇಂದಿನ ನಮ್ಮ ಸೇನೆಯಲ್ಲಿ ಪಂಡಿತರು, ಗ್ರಂಥಿಗಳು, ಮೌಲವಿಗಳು, ಪಾದ್ರಿಗಳು ಧರ್ಮಬೋಧಕರಾಗಿ ನೇಮಕವಾಗಿದ್ದಾರೆ. ಅನೇಕ ಠಾಣ್ಯಗಳಲ್ಲಿ ಒಂದೇ ಸೂರಿನ ಕೆಳಗೆ ಎಲ್ಲರ ಪ್ರಾರ್ಥನೆಗೂ ‘ಸರ್ವಧರ್ಮ ಸ್ಥಳ’ವಿದೆ, ಅಧಿಕಾರಿಯು ತನ್ನ ಸಿಪಾಯಿಗಳ ಆರಾಧನೆಯಲ್ಲಿ ತಾನೂ ಕೂಡುವನು. ಇದು ಬಹಳ ಒಳ್ಳೆಯ ಏರ್ಪಾಡು. ಆದರೂ ಹಿಮದ ಗಡಿಯಲ್ಲಿಯೋ ಹಡಗಿನಲ್ಲಿಯೋ ಇರುವ ಕನ್ನಡ ಕ್ರೈಸ್ತನಿಗೆ ಕನ್ನಡದ ಬೋಧಕರು ಸಿಕ್ಕುವುದು ದುರ್ಲಭ.

ಈ ಮಾತು ಗಂಡುಮಕ್ಕಳಿಗೆ ಮಾತ್ರ ಸಲ್ಲುವದೆಂದು ತಾಯಂದಿರು ಎಣಿಸಬಾರದು. 1888ರಲ್ಲಿ ಇಂಗ್ಲೆಂಡಿನಿಂದ ಬಂದ ದಾದಿಯರಿಂದ ಮೊದಲಾದ ಸೇವೆಯು 1926ರಲ್ಲಿ ಭಾರತೀಯ ಮಿಲಿಟರಿ ನರ್ಸಿಂಗ್ ಸೇವೆಯಾಯಿತು. 2022ರಿಂದ ಖಡಕ್ವಾಸ್ಲದ ರಾಷ್ಟ್ರೀಯ ರಕ್ಷಣಾ ವಿದ್ಯಾಲಯಕ್ಕೂ ಹೆಣ್ಣುಮಕ್ಕಳು ಸೇರುತ್ತಿದ್ದಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಮನೆಗಳಿಂದ ನಾಳೆ ಹೊರಡುವವಳು ನಿಮ್ಮ ಮಗಳೇ ಆಗಿರಬಹುದು. ಗಾಯಾಳುವಿನ ಹಾಸಿಗೆಯ ಬಳಿ ರಾತ್ರಿಯೆಲ್ಲ ಕುಳಿತಿರುವಾಗ ಅವಳು ಪುಟ ತಿರುವುವದಕ್ಕಾಗದು. ಬಾಲ್ಯದಲ್ಲಿ ಕಲಿತದ್ದೇ ಆಗ ಅವಳ ಪುಸ್ತಕ, ಅದೇ ಅವಳ ದೇವಾಲಯ.

ಆದಕಾರಣ ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ತಿಂಗಳಿಗೊಂದು ಕನ್ನಡ ಸಂಗೀತವನ್ನು ಮಕ್ಕಳಿಗೆ ಕಲಿಸಿರಿ. ಮೊದಲನೆಯ ಚರಣ ಸಾಲದು. ಕಷ್ಟಕಾಲಕ್ಕೆ ಬೇಕಾದ ಮಾತು ಅನೇಕ ವೇಳೆ ಕಡೆಯ ಚರಣದಲ್ಲಿರುವದು. ಮೊದಲು ಅರ್ಥವನ್ನು ಹೇಳಿರಿ, ಆ ಮೇಲೆ ರಾಗವನ್ನು ಹಿಡಿಸಿರಿ, ಕೊನೆಗೆ ಪುಸ್ತಕವನ್ನು ಮುಚ್ಚಿ ಹಾಡಿಸಿರಿ. ವರ್ಷಕ್ಕೆ ಹನ್ನೆರಡಾಗುವದು. ಹತ್ತು ವರ್ಷ ಶಾಲೆಗೆ ಹೋಗುವ ಮಗುವು ನೂರಿಪ್ಪತ್ತು ಸಂಗೀತಗಳನ್ನು, ಯಾವ ಪಹರೆಯವನೂ ತಡೆಯಲಾರದ ಗಂಟಾಗಿ, ತನ್ನೊಡನೆ ಒಯ್ಯುವದು.